ಬಣ್ಣಕ್ಕಿಂತ ಮೊದಲು ಮುಂದಿನ ಚಕ್ರ

ಹಳೆಯ ಬೈಕೊಂದನ್ನು ಮತ್ತೆ ರಸ್ತೆಗೆ ಇಳಿಸಬೇಕೆಂದು ಮನೆಯವರು ತೀರ್ಮಾನಿಸಿದರೆ ಮೊದಲ ಹಣ ಹೋಗುವುದು ಬಣ್ಣಕ್ಕೆ. ಎರಡನೆಯದು ಕ್ರೋಮಿಗೆ, ಮೂರನೆಯದು ಸೀಟಿನ ಹೊಸ ಹೊದಿಕೆಗೆ. ನೋಡುವವರ ಕಣ್ಣಿಗೆ ಬೀಳುವುದೆಲ್ಲ ಮುಗಿದ ಮೇಲೆ ಕೈಯಲ್ಲಿ ಏನಾದರೂ ಉಳಿದಿದ್ದರೆ ಮುಂದಿನ ಶಾಕಪ್‌ನ ಕಡೆಗೆ, ಹ್ಯಾಂಡಲಿನ ಕೋನ್‌ಸೆಟ್‌ನ ಕಡೆಗೆ ಗಮನ ಹೋಗುತ್ತದೆ. ಹೆಚ್ಚಿನ ಮನೆಗಳಲ್ಲಿ ಅಷ್ಟು ಉಳಿಯುವುದೇ ಇಲ್ಲ. ಈ ಕ್ರಮ ತಲೆಕೆಳಗಾಗಿದೆ ಎಂದು ಹೇಳುವ ನಾನು ಮೆಕ್ಯಾನಿಕ್ ಅಲ್ಲ. ಹಳೆಯ ಜಾವಾ ಒಂದರ ಹಿಂದಿನ ಸೀಟಿನಲ್ಲಿ ಕುಳಿತು ಬೆಳೆದ ಮಗಳು; ಈಗ ಅದೇ ಬೈಕನ್ನು ನನಗೆ ಕೊಡಿ ಎಂದು ಕೇಳುತ್ತಿರುವ ಹುಡುಗನ ತಾಯಿ. ಮನೆಯ ಲೆಕ್ಕ ಬರೆಯುವವಳೂ ನಾನೇ.

ಅಬ್ಬಾನ ಜಾವಾ 1969ರದ್ದು. ಮೈಸೂರಿನಲ್ಲಿ ತಯಾರಾದದ್ದು. ಇಂದಿನ ಮಕ್ಕಳಿಗೆ ಇದು ಆಶ್ಚರ್ಯವಾಗಬಹುದು. ಜಾವಾ ಮೂಲತಃ ಚೆಕ್ ದೇಶದ ಹೆಸರು. ಅಲ್ಲಿಯ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯಿಂದ ಬೈಕ್ ತಯಾರಿಸುವ ಹಕ್ಕು ಪಡೆದು, ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಇಟ್ಟ ಹೆಸರು ಅದು. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಅದನ್ನು ನಮ್ಮ ನಾಡಿನಲ್ಲೇ ಮಾಡತೊಡಗಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಾರ್ಖಾನೆ ಮುಚ್ಚಿದರೂ ಬೈಕುಗಳು ನಿಲ್ಲಲಿಲ್ಲ. ಮೈಸೂರಿಗೆ ಹತ್ತಿರದ ನಮ್ಮ ಹಾಸನ ಸೀಮೆಯಲ್ಲಂತೂ ತೋಟದ ಶೆಡ್ಡಿನಲ್ಲಿ, ಅಂಗಡಿಯ ಹಿಂಬದಿಯಲ್ಲಿ ಇನ್ನೂ ಒಂದೊಂದು ಕಾಣಸಿಗುತ್ತದೆ. ಗೇರ್ ಹಾಕುವ ಕಡ್ಡಿಯನ್ನೇ ತಿರುಗಿಸಿ ಕಿಕ್ ಹೊಡೆಯುವ ಆ ವಿಚಿತ್ರ, ಎರಡು ಕಡೆಗೂ ಸೈಲೆನ್ಸರ್, ದೂರದಿಂದಲೇ ಗುರುತು ಸಿಗುವ ಆ ಸದ್ದು!

ಹೊಳೆನರಸೀಪುರದ ನಮ್ಮ ಮನೆಯ ಅನ್ನ ಆ ಬೈಕಿನ ಮೇಲೆ ಬರುತ್ತಿತ್ತು. ಅಬ್ಬಾ ಬಟ್ಟೆ ವ್ಯಾಪಾರಿ. ಅರಕಲಗೂಡು, ಚನ್ನರಾಯಪಟ್ಟಣ, ನಡುವಿನ ಹೋಬಳಿಗಳ ಸಂತೆಗಳಿಗೆ ಹಿಂದಿನ ಸೀಟಿಗೆ ಗಂಟು ಕಟ್ಟಿಕೊಂಡು ಹೋಗುತ್ತಿದ್ದರು. ಸುಗ್ಗಿಯ ದಿನಗಳಲ್ಲಿ ನಮ್ಮ ಕಡೆ ರಾಗಿ, ಹುರುಳಿಯನ್ನು ರಸ್ತೆಗೇ ಹರವುತ್ತಾರೆ. ಹೋಗಿಬರುವ ಗಾಡಿಗಳ ಚಕ್ರವೇ ಒಕ್ಕಣೆ ಮಾಡುತ್ತದೆ. ಆ ಹುಲ್ಲಿನ ಮೇಲೆ ಮುಂದಿನ ಚಕ್ರ ಜಾರಿದರೆ ಸವಾರ ನೆಲಕ್ಕೆ. ಮಳೆಗಾಲದಲ್ಲಿ ಗುಂಡಿಗಳು, ಈಗ ಪ್ರತಿ ಹಳ್ಳಿಯ ಬಾಯಿಗೊಂದು ಹಂಪ್. ಇಂಥ ರಸ್ತೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಬೀಳದೆ ಓಡಿಸಿದರು. ಎಡಗೈ ಬಲಗೈ ಎರಡಕ್ಕೂ ರಸ್ತೆ ಮಾತಾಡುತ್ತದೆ ಎಂಬುದು ಅವರ ಮಾತು.

ಕೆಲವು ವರ್ಷಗಳ ಹಿಂದೆ ಅಬ್ಬಾ ಬೈಕ್ ಹತ್ತುವುದನ್ನು ನಿಲ್ಲಿಸಿದರು. ಯಾರೂ ಹೇಳಿ ನಿಲ್ಲಿಸಿದ್ದಲ್ಲ. "ಕೈಯಲ್ಲಿ ಬಲವಿಲ್ಲ. ನಿಧಾನಕ್ಕೆ ಹೋಗುವಾಗ ಹ್ಯಾಂಡಲ್ ನನ್ನ ಮಾತು ಕೇಳುತ್ತಿಲ್ಲ" ಎಂದರು. ಎಪ್ಪತ್ತು ದಾಟಿದವರು ಹಾಗೆಂದರೆ ಎದುರು ಮಾತಾಡುವವರು ಯಾರು? ಬೈಕಿಗೆ ಹಳೆಯ ಸೀರೆಯೊಂದನ್ನು ಹೊದಿಸಿ ಮೂಲೆಗೆ ನಿಲ್ಲಿಸಲಾಯಿತು. ಹಾಸನದಲ್ಲಿ ಓದುತ್ತಿರುವ ನನ್ನ ಮಗ ಲೈಸೆನ್ಸ್ ಪಡೆದ ಮೇಲೆ ಆ ಸೀರೆ ಮತ್ತೆ ಸರಿಯಿತು. "ನಾನಾ, ನಾನು ಸರಿ ಮಾಡಿಸಿ ಓಡಿಸುತ್ತೇನೆ" ಎಂದು ಹಟ ಹಿಡಿದ.

ಅವನ ಲೆಕ್ಕಾಚಾರ ಬೇರೆ ಇತ್ತು. ಹಳೆಯ ಮುಂಭಾಗವನ್ನೇ ಪೂರ್ತಿ ಕಿತ್ತು, ಗುಜರಿಯಲ್ಲಿ ಸಿಗುವ ಈಚಿನ ಬೈಕೊಂದರ ಫೋರ್ಕ್, ಅಲಾಯ್ ಚಕ್ರ, ಡಿಸ್ಕ್ ಬ್ರೇಕ್ ಕೂರಿಸುವುದು. ನಂತರ ಕಪ್ಪು ಬಣ್ಣ. ಅಬ್ಬಾ ಒಂದೇ ಮಾತಿನಲ್ಲಿ ಬೇಡ ಎಂದರು. ಒಬ್ಬರಿಗೆ ಒಂದು ಮೊಳೆಯೂ ಬದಲಾಗಬಾರದು, ಇನ್ನೊಬ್ಬನಿಗೆ ಎಲ್ಲವೂ ಬದಲಾಗಬೇಕು. ಚೀಟಿಯ ಹಣ ನನ್ನ ಕೈಯಲ್ಲಿದ್ದುದರಿಂದ ಇಬ್ಬರೂ ನನ್ನ ಮುಖ ನೋಡಿದರು.

ನನ್ನ ಭಯಕ್ಕೆ ಕಾರಣವಿತ್ತು. ನನ್ನ ಮಾಮನ ಮಗ ಇಂಥದೇ ಆಸೆಯಿಂದ ತನ್ನ ಹಳೆಯ ಬುಲೆಟ್‌ಗೆ ಬೇರೆ ಬೈಕಿನ ಫೋರ್ಕ್ ಹಾಕಿಸಿಕೊಂಡಿದ್ದ. ಅದು ಮೂಲದ್ದಕ್ಕಿಂತ ಗಿಡ್ಡ. ಊರೊಳಗೆ ಚೆನ್ನಾಗಿಯೇ ಓಡಿತು, ತಿರುವುಗಳಲ್ಲಿ ಹಗುರವಾಗಿದೆ ಎಂದು ಎಲ್ಲರಿಗೂ ತೋರಿಸಿದ. ಚನ್ನರಾಯಪಟ್ಟಣದ ಹತ್ತಿರ ಹೆದ್ದಾರಿಯಲ್ಲಿ ವೇಗ ಏರಿದಾಗ ಹ್ಯಾಂಡಲ್ ಎಡಕ್ಕೂ ಬಲಕ್ಕೂ ತಾನಾಗಿ ಬಡಿದಾಡತೊಡಗಿತು. ಹಿಡಿದಷ್ಟೂ ಹೆಚ್ಚಾಯಿತು. ಮೂರು ತಿಂಗಳು ಹಾಸಿಗೆಯಲ್ಲಿದ್ದ. ಅವನ ಹೆಂಡತಿ ಆಸ್ಪತ್ರೆಯ ಕಾರಿಡಾರಿನಲ್ಲಿ ಕುಳಿತಿದ್ದ ರೀತಿ ನನಗೆ ಇನ್ನೂ ಮರೆತಿಲ್ಲ.

ಹೀಗಾಗಿ ನಾನು ಮಗನನ್ನೂ ಬೈಕನ್ನೂ ಹಾಸನದ ಒಬ್ಬ ಹಿರಿಯ ಉಸ್ತಾದರ ಬಳಿಗೆ ಕರೆದುಕೊಂಡು ಹೋದೆ. ಜಾವಾ, ಯೆಜ್ಡಿಗಳಲ್ಲೇ ಕೈ ಪಳಗಿದವರು. ಅವರು ಎಂಜಿನ್ ಕಡೆ ನೋಡಲೂ ಇಲ್ಲ. ಬೈಕನ್ನು ನಡುಸ್ಟ್ಯಾಂಡಿಗೆ ಹಾಕಿ, ಎಂಜಿನ್ನಿನ ಕೆಳಗೆ ಮರದ ತುಂಡು ಕೊಟ್ಟು, ಮುಂದಿನ ಚಕ್ರ ಗಾಳಿಯಲ್ಲಿ ನಿಲ್ಲುವಂತೆ ಮಾಡಿದರು. "ಆಪಾ, ಒಂದು ಬೆರಳಲ್ಲಿ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿ ನೋಡಿ" ಎಂದರು. ತಿರುಗಿಸಿದೆ. ಸರಿಯಾಗಿ ನಡುವಿಗೆ ಬಂದಾಗ ಅದು 'ಟಕ್' ಎಂದು ಏನೋ ಕುಳಿಗೆ ಬಿದ್ದಂತೆ ನಿಂತಿತು. ಅಲ್ಲಿಂದ ಹೊರಡಿಸಲು ಒತ್ತಬೇಕಾಯಿತು. ಮತ್ತೆ ತಿರುಗಿಸಿದರೂ ಅದೇ ಜಾಗ, ಅದೇ 'ಟಕ್'.

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಹ್ಯಾಂಡಲಿನ ಕೆಳಗೆ, ಚಾಸಿಯ ಕೊರಳಿನಲ್ಲಿ, ಮೇಲೊಂದು ಕೆಳಗೊಂದು ಉಕ್ಕಿನ ಬಟ್ಟಲುಗಳಿರುತ್ತವೆ. ಅವುಗಳಲ್ಲಿ ಬಿಡಿಬಿಡಿ ಗುಂಡುಗಳು. ಹ್ಯಾಂಡಲ್ ತಿರುಗುವುದು ಈ ಗುಂಡುಗಳ ಮೇಲೆ. ಬೈಕ್ ಹೆಚ್ಚಿನ ಕಾಲ ನೇರವಾಗಿಯೇ ಓಡುವುದರಿಂದ ಗುಂಡಿಗಳ ಪೆಟ್ಟೆಲ್ಲ ಬಟ್ಟಲಿನ ಒಂದೇ ಜಾಗಕ್ಕೆ ಬೀಳುತ್ತದೆ. ತುಳಿದು ತುಳಿದು ಹೊಸ್ತಿಲು ಸವೆಯುವ ಹಾಗೆ, ವರ್ಷಾನುಗಟ್ಟಲೆ ಪೆಟ್ಟಿನಿಂದ ಅಲ್ಲಿ ಸಣ್ಣ ಸಣ್ಣ ಕುಳಿಗಳಾಗುತ್ತವೆ. ಬೈಕ್ ನಿಧಾನವಾಗಿ ಹೋಗುವಾಗ ಸವಾರ ತನಗೇ ಅರಿವಿಲ್ಲದೆ ಹ್ಯಾಂಡಲನ್ನು ಕೂದಲೆಳೆಯಷ್ಟು ಅತ್ತಿತ್ತ ಆಡಿಸುತ್ತ ಸಮತೋಲ ಕಾಯುತ್ತಾನೆ. ಗುಂಡುಗಳು ಕುಳಿಯಲ್ಲಿ ಕುಳಿತಿದ್ದರೆ ಆ ಸಣ್ಣ ಚಲನೆ ಸಾಧ್ಯವಾಗುವುದಿಲ್ಲ. ಮೊದಲು ಹಟ ಮಾಡಿ, ಆಮೇಲೆ ಒಮ್ಮೆಲೇ ಬಿಟ್ಟುಕೊಡುತ್ತದೆ. ಬೈಕ್ ತೂರಾಡುತ್ತದೆ. ತನ್ನ ತೋಳಿನ ಬಲ ಕುಗ್ಗಿದೆ ಎಂದು ಸವಾರನಿಗೆ ಅನ್ನಿಸುತ್ತದೆ.

ಇದನ್ನು ಕೇಳುವಾಗ ನನಗೆ ಅಬ್ಬಾನ ಮಾತು ನೆನಪಾಯಿತು. "ಹ್ಯಾಂಡಲ್ ನನ್ನ ಮಾತು ಕೇಳುತ್ತಿಲ್ಲ." ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಉಸ್ತಾದ್ ಸೂಚಿಸಿದ ಸುಧಾರಣೆ ಹೊರಗೆ ಕಾಣುವಂಥದ್ದಲ್ಲ. ಹಳೆಯ ಬಟ್ಟಲು ಮತ್ತು ಬಿಡಿ ಗುಂಡುಗಳ ಜಾಗದಲ್ಲಿ ಓರೆಯಾದ ರೋಲರ್‌ಗಳಿರುವ ಟೇಪರ್ ಬೇರಿಂಗ್ ಕೂರಿಸುವುದು. ಗುಂಡು ಬಟ್ಟಲನ್ನು ಮುಟ್ಟುವುದು ಒಂದು ಚುಕ್ಕೆಯಲ್ಲಿ; ರೋಲರ್ ಮುಟ್ಟುವುದು ಒಂದು ಗೆರೆಯುದ್ದಕ್ಕೂ. ಭಾರ ಹಂಚಿಹೋಗುವುದರಿಂದ ಕುಳಿ ಬೇಗ ಬೀಳುವುದಿಲ್ಲ. ಎತ್ತರದಲ್ಲಿ ಅಷ್ಟಿಷ್ಟು ವ್ಯತ್ಯಾಸ ಬರುವುದರಿಂದ ಲೇತ್ ಅಂಗಡಿಯಲ್ಲಿ ಅಳತೆಗೆ ಸರಿಯಾಗಿ ಒಂದು ಬಳೆ ಕಡೆಸಬೇಕು. ಬಳಿಕ ಮೇಲಿನ ನಟ್ಟನ್ನು ಬಿಗಿಯುವುದರಲ್ಲಿ ಜಾಣ್ಮೆ ಇದೆ. ಚಕ್ರ ಗಾಳಿಯಲ್ಲಿರುವಾಗ ಹ್ಯಾಂಡಲನ್ನು ನಡುವಿನಿಂದ ಸ್ವಲ್ಪ ತಳ್ಳಿದರೆ ತನ್ನ ಭಾರಕ್ಕೇ ಪಕ್ಕಕ್ಕೆ ವಾಲಬೇಕು. ಫೋರ್ಕಿನ ಕೆಳತುದಿ ಹಿಡಿದು ಹಿಂದೆಮುಂದೆ ಎಳೆದರೆ ಆಟ ಇರಬಾರದು. ಹೆಚ್ಚು ಬಿಗಿದರೆ ಹೊಸ ಬೇರಿಂಗ್ ಕೂಡ ಹಳೆಯದರಂತೆಯೇ ಬೈಕನ್ನು ತೂರಾಡಿಸುತ್ತದೆ.

ನಂತರ ಫೋರ್ಕ್ ಬಿಚ್ಚಿದರು. ಒಂದು ಕಾಲಿನಲ್ಲಿ ಕಪ್ಪು ರಾಡಿಯಂಥ ಎಣ್ಣೆ ಸ್ವಲ್ಪ ಇತ್ತು. ಇನ್ನೊಂದು ಹೆಚ್ಚುಕಡಿಮೆ ಒಣಗಿತ್ತು. ಈ ಎಣ್ಣೆಯ ಕೆಲಸ ಏನು ಎಂದು ನಮ್ಮಲ್ಲಿ ಬಹಳ ಜನ ಯೋಚಿಸಿರುವುದಿಲ್ಲ. ಸ್ಪ್ರಿಂಗ್ ಪೆಟ್ಟನ್ನು ನುಂಗುತ್ತದೆ, ಆದರೆ ನುಂಗಿದ್ದನ್ನು ತಿರುಗಿ ಉಗುಳುತ್ತದೆ. ಸ್ಪ್ರಿಂಗ್ ಒಂದೇ ಇದ್ದರೆ ಒಂದು ಹಂಪ್ ದಾಟಿದ ಮೇಲೆ ಬೈಕ್ ನಾಲ್ಕು ಸಲ ಕುಣಿಯುತ್ತದೆ. ಎಣ್ಣೆ ಸಣ್ಣ ರಂಧ್ರಗಳ ಮೂಲಕ ನುಸುಳಬೇಕಾಗುವುದರಿಂದ ಆ ಕುಣಿತ ತಡೆಯುತ್ತದೆ. ಹೀಗೆ ಎಣ್ಣೆಯಿಂದ ಕುಣಿತ ತಡೆಯುವ ಕೊಳವೆ ಫೋರ್ಕನ್ನು ಮಾರಾಟದ ಬೈಕಿಗೆ ಮೊದಲು ತಂದದ್ದು 1935ರಲ್ಲಿ ಜರ್ಮನಿಯ ಬಿಎಂಡಬ್ಲ್ಯು. ಇಂದಿಗೂ ನಮ್ಮ ಬಹುಪಾಲು ಬೈಕುಗಳ ಮುಂಭಾಗ ಅದೇ ತತ್ವದಲ್ಲಿ ನಡೆಯುತ್ತಿದೆ. ಕುಣಿಯುವ ಚಕ್ರ ನೆಲ ಬಿಟ್ಟಿರುವ ಕ್ಷಣದಲ್ಲಿ ಬ್ರೇಕ್ ಎಷ್ಟು ಒಳ್ಳೆಯದಿದ್ದರೂ ಪ್ರಯೋಜನವಿಲ್ಲ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಬೈಕನ್ನು ನಿಲ್ಲಿಸುವ ದೊಡ್ಡ ಪಾಲಿನ ಕೆಲಸ ಮುಂದಿನ ಚಕ್ರದ್ದೇ. ಹಾಗಾದರೆ ಹೆಂಡತಿ, ಮಕ್ಕಳನ್ನು ಕೂರಿಸಿಕೊಂಡು ಹೋಗುವವನ ಜೀವ ಎಲ್ಲಿದೆ ಎಂದು ನೀವೇ ಹೇಳಿ.

ಫೋರ್ಕಿನ ಕೊಳವೆಗಳನ್ನು ದಪ್ಪ ಗಾಜಿನ ಹಲಗೆಯ ಮೇಲೆ ಉರುಳಿಸಿ ನೋಡಿದರು. ಕೆಳಗೆ ಬೆಳಕಿನ ಸೀಳು ಕಂಡರೆ ಕೊಳವೆ ಬಾಗಿದೆ ಎಂದರ್ಥ. ನಮ್ಮದು ನೇರವಾಗಿತ್ತು. ಬಾಗಿದ್ದರೆ ಬಡಿದು ನೇರ ಮಾಡುವುದಕ್ಕಿಂತ ಬದಲಾಯಿಸುವುದೇ ಲೇಸು ಎಂದರು ಉಸ್ತಾದ್. ಆದರೆ ತುಕ್ಕು ತಿಂದು ಮೈಯೆಲ್ಲ ಚುಕ್ಕೆಯಾಗಿತ್ತು. ಇಂಥ ಮೈಯ ಮೇಲೆ ಎಷ್ಟು ಹೊಸ ಆಯಿಲ್ ಸೀಲ್ ಹಾಕಿದರೂ ಹರಿದುಹೋಗುತ್ತದೆ, ಎಣ್ಣೆ ಸೋರುತ್ತದೆ, ಸೋರಿದ ಎಣ್ಣೆ ಕೆಳಗಿಳಿದು ಬ್ರೇಕಿನ ಕಡೆಗೂ ಹೋಗಬಹುದು. ಕೊಳವೆಗಳನ್ನು ಬೆಂಗಳೂರಿಗೆ ಕಳುಹಿಸಿ ಹಾರ್ಡ್ ಕ್ರೋಮ್ ಮಾಡಿಸಿ, ಅಳತೆಗೆ ಗ್ರೈಂಡ್ ಮಾಡಿಸಿದೆವು. ಸವೆದ ಬುಷ್‌ಗಳನ್ನು ಬದಲಿಸಲಾಯಿತು. ಹಳೆಯ ಸ್ಪ್ರಿಂಗನ್ನು ಹೊಸದರ ಪಕ್ಕದಲ್ಲಿ ನಿಲ್ಲಿಸಿದಾಗ ಒಂದು ಬೆರಳಿನ ಅಗಲದಷ್ಟು ಕುಗ್ಗಿತ್ತು. ಹೊಸ ಎಣ್ಣೆಯನ್ನು ಎರಡೂ ಕಾಲುಗಳಿಗೆ ಅಳತೆಯ ಲೋಟದಲ್ಲಿ ಸಮನಾಗಿ ಸುರಿದರು. ಎಣ್ಣೆ ದಪ್ಪವಾದಷ್ಟೂ ಒಳ್ಳೆಯದು ಎಂಬ ನಂಬಿಕೆ ನಮ್ಮ ಕಡೆ ಇದೆ. ಅದು ಸರಿಯಲ್ಲವಂತೆ. ಅತಿಯಾಗಿ ದಪ್ಪವಾದರೆ ಒಂದು ಗುಂಡಿಯಿಂದ ಮೇಲೇಳುವುದರೊಳಗೆ ಇನ್ನೊಂದು ಗುಂಡಿ ಬಂದು, ಫೋರ್ಕ್ ಕುಗ್ಗಿಯೇ ಉಳಿದು, ಪೆಟ್ಟೆಲ್ಲ ನೇರ ಕೈಗೆ ಬರುತ್ತದೆ. ಕೊನೆಗೆ ಚಕ್ರದ ಬೇರಿಂಗ್, ಸಡಿಲವಾಗಿದ್ದ ಕಡ್ಡಿಗಳು, ಬ್ರೇಕ್ ಶೂ ಮತ್ತು ಹೊಸ ಟೈರ್.

ಇಷ್ಟೆಲ್ಲ ಸೇರಿಸಿ ಆದ ಖರ್ಚು, ಬಣ್ಣ ಮತ್ತು ಕ್ರೋಮಿಗೆ ಕೇಳಿದ್ದ ಮೊತ್ತದ ಅರ್ಧಕ್ಕಿಂತ ಕಡಿಮೆ.

ಮಗನಿಗೆ ಡಿಸ್ಕ್ ಬ್ರೇಕಿನ ಆಸೆ ಹೋಗಿರಲಿಲ್ಲ. ಉಸ್ತಾದ್ ಅವನನ್ನು ಗದರಿಸಲಿಲ್ಲ. ಆಸ್ಪತ್ರೆಯ ಸ್ಟ್ರೆಚರಿನ ಸಣ್ಣ ಚಕ್ರ ನೋಡಿದ್ದೀಯಾ ಎಂದು ಕೇಳಿದರು. ಅದರ ಅಚ್ಚುಗೂಟ ಮುಂದಿರುತ್ತದೆ, ಚಕ್ರ ನೆಲ ಮುಟ್ಟುವ ಜಾಗ ಹಿಂದಿರುತ್ತದೆ. ಆದ್ದರಿಂದಲೇ ತಳ್ಳಿದಾಗ ಚಕ್ರ ತಾನಾಗಿ ನೇರವಾಗುತ್ತದೆ. ಬೈಕಿನಲ್ಲೂ ಹಾಗೆಯೇ. ಹ್ಯಾಂಡಲ್ ತಿರುಗುವ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟೈರ್ ನೆಲ ಮುಟ್ಟುವ ಜಾಗಕ್ಕಿಂತ ತುಸು ಮುಂದೆ ಬೀಳುತ್ತದೆ. ಆ ಅಂತರವೇ ಬೈಕನ್ನು ನೇರ ಇಡುವುದು. ಫೋರ್ಕ್ ಉದ್ದವಾದರೆ ಅಂತರ ಹೆಚ್ಚಿ ಹ್ಯಾಂಡಲ್ ಭಾರವಾಗುತ್ತದೆ; ಗಿಡ್ಡವಾದರೆ ಅಂತರ ಕುಗ್ಗಿ ವೇಗದಲ್ಲಿ ಚಂಚಲವಾಗುತ್ತದೆ. ಹಳೆಯ ಜಾವಾದ ಚಕ್ರ 16 ಇಂಚಿನದು. ಬೇರೆ ಅಳತೆಯ ಚಕ್ರ ತಂದರೆ ಆ ಲೆಕ್ಕ ಇನ್ನೊಮ್ಮೆ ಬದಲಾಗುತ್ತದೆ. ಡ್ರಮ್ ಬ್ರೇಕಿಗೆಂದು ಬೆಸೆದ ಕೊರಳಿಗೆ ಡಿಸ್ಕ್ ಬ್ರೇಕಿನ ಎಳೆತ ಬಿದ್ದರೆ ಏನಾಗುತ್ತದೆ ಎಂದೂ ನೋಡಬೇಕು. 2018ರಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂದರೂ ಆ ಹೊಸ ಬೈಕಿನ ಯಂತ್ರವೂ ಚಾಸಿಯೂ ಬೇರೆಯೇ. "ಅಳೆದು, ಲೆಕ್ಕ ಹಾಕಿ ಮಾಡುವವರು ಇದ್ದಾರೆ ಬೇಟಾ. ಹಗ್ಗ ಹಿಡಿದು ಅಂದಾಜಿಗೆ ಮಾಡುವವರು ಅವರಿಗಿಂತ ಹೆಚ್ಚು" ಎಂದರು. ಮಾಮನ ಮಗನ ಬುಲೆಟ್ ಯಾಕೆ ಹಾಗೆ ಬಡಿದಾಡಿತು ಎಂಬುದು ನನಗೆ ಅಂದು ಸ್ಪಷ್ಟವಾಯಿತು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಒತ್ತಿ ಹೇಳಿದೆ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಕಾಪಾಡಿಕೊಂಡು ಬಂದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಇಲ್ಲದ ವಾಹನಕ್ಕೆ 'ವಿಎ' ಅಕ್ಷರಗಳಿರುವ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ ನಿಗದಿಯಾದ ಶುಲ್ಕ 20,000 ರೂಪಾಯಿ. ಆದರೆ ಆ ನಂಬರಿನ ಬೈಕನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕೆಲಸಗಳಿಗೆ ಮಾತ್ರ. ಹೊಳೆನರಸೀಪುರಕ್ಕೂ ಹಾಸನಕ್ಕೂ ಓಡಾಡಲು ಬೇಕೆಂಬ ನಮ್ಮಂಥವರು ಸಾಮಾನ್ಯ ನೋಂದಣಿಯನ್ನೇ ಕಾಲಕಾಲಕ್ಕೆ ನವೀಕರಿಸಿಕೊಂಡು ಹೋಗಬೇಕು. ಎರಡರಲ್ಲಿ ಯಾವ ದಾರಿ ಹಿಡಿದರೂ ಬೈಕಿನ ಮೂಲ ರೂಪ ಉಳಿಸಿಕೊಂಡವರಿಗೆ ತೊಂದರೆ ಕಡಿಮೆ. ನಾವು ಮಾಡಿಸಿದ ಸುಧಾರಣೆಯೆಲ್ಲ ಹಳೆಯ ಕವಚದ ಒಳಗೇ ಇದೆ. ಬೇಕೆಂದರೆ ನಾಳೆ ಹಳೆಯ ಬಟ್ಟಲುಗಳನ್ನೇ ತಿರುಗಿ ಕೂರಿಸಬಹುದು. ಅವುಗಳನ್ನು ಗ್ರೀಸ್ ಹಚ್ಚಿ, ಹಾಳೆಯಲ್ಲಿ ಸುತ್ತಿ ಇಟ್ಟಿದ್ದೇನೆ.

ಬೈಕನ್ನು ಹೊಳೆನರಸೀಪುರಕ್ಕೆ ತಂದ ಮರುದಿನ ಬೆಳಗ್ಗೆ ಫಜ್ರ್ ನಮಾಝ್ ಮುಗಿಸಿ ಬಂದ ಅಬ್ಬಾ ಅಂಗಳದಲ್ಲಿ ಅದರ ಸುತ್ತ ಒಂದು ಸುತ್ತು ಬಂದರು. ಅದೇ ಮಾಸಿದ ಮರೂನ್ ಬಣ್ಣ, ಟ್ಯಾಂಕಿನ ಮೇಲೆ ಅದೇ ಹಳೆಯ ಗೀರು. "ಏನು ಮಾಡಿಸಿದ್ದೀರಿ? ಏನೂ ಕಾಣುತ್ತಿಲ್ಲವಲ್ಲ" ಎಂದರು. ಮಗ ಏನನ್ನೂ ಹೇಳದೆ ಕೀಲಿ ಕೊಟ್ಟ. ಅವರು ನನ್ನ ಕಡೆ ಒಮ್ಮೆ ನೋಡಿ, ಹೆಲ್ಮೆಟ್ ಹಾಕಿಕೊಂಡು, ಹೇಮಾವತಿಯ ಸೇತುವೆಯ ತನಕ ಹೋಗಿ ಬಂದರು. ಬಂದವರು ಇಳಿಯಲಿಲ್ಲ. ಮನೆಯ ಮುಂದಿನ ಕಿರಿದಾದ ಓಣಿಯಲ್ಲಿ, ನಡೆಯುವವರಿಗಿಂತಲೂ ನಿಧಾನವಾಗಿ, ಕಾಲು ನೆಲಕ್ಕಿಡದೆ ತಿರುಗಿಸಿದರು. ಆಮೇಲೆ ಬೈಕ್ ನಿಲ್ಲಿಸಿ ಎರಡೂ ಅಂಗೈಗಳನ್ನು ನೋಡಿಕೊಂಡರು.

"ಕೈಗೆ ವಯಸ್ಸಾಯಿತು ಅಂದುಕೊಂಡಿದ್ದೆ ಬೇಟಾ. ವಯಸ್ಸಾಗಿದ್ದು ಗುಂಡುಗಳಿಗೆ" ಎಂದರು.

ಹಾಗೆಂದು ಅವರು ಮತ್ತೆ ಸಂತೆಗೆ ಹೊರಡಲಿಲ್ಲ. ಕಣ್ಣು ಮೊದಲಿನಂತಿಲ್ಲ ಎಂಬುದು ಅವರಿಗೆ ಗೊತ್ತು. ಕೀಲಿಯನ್ನು ಮೊಮ್ಮಗನ ಕೈಗೇ ಹಿಂದಿರುಗಿಸಿದರು, ಎರಡು ಷರತ್ತುಗಳೊಂದಿಗೆ. ಹೆಲ್ಮೆಟ್ ಇಲ್ಲದೆ ಬೈಕ್ ಬಾಗಿಲು ದಾಟಬಾರದು. ತಿಂಗಳಿಗೊಮ್ಮೆ ಬೈಕನ್ನು ಹೊಳೆನರಸೀಪುರಕ್ಕೆ ತರಬೇಕು, ಮುಂದಿನ ಚಕ್ರವನ್ನು ಅವರೇ ಪರೀಕ್ಷಿಸುತ್ತಾರೆ. ತಾನು ಸೋತು ಬಿಟ್ಟದ್ದಲ್ಲ, ತಾನಾಗಿ ಕೊಟ್ಟದ್ದು ಎಂಬ ನೆಮ್ಮದಿ ಅವರ ಮುಖದಲ್ಲಿದೆ. ವಯಸ್ಸಾದವರ ಕೈಯಿಂದ ಒಂದೊಂದೇ ಕೆಲಸ ಜಾರಿಹೋಗುವಾಗ ಈ ವ್ಯತ್ಯಾಸ ಸಣ್ಣದೇನಲ್ಲ.

ನಿಮ್ಮ ಮನೆಯಲ್ಲೂ ಹಳೆಯ ಜಾವಾ, ಯೆಜ್ಡಿ, ಬುಲೆಟ್, ರಾಜದೂತ್ ಇದ್ದರೆ ಹಣ ಬಿಚ್ಚುವ ಮೊದಲು ಮೂರು ಪರೀಕ್ಷೆ ಮಾಡಿ ನೋಡಿ. ಇದಕ್ಕೆ ಮೆಕ್ಯಾನಿಕ್ ಬೇಕಾಗಿಲ್ಲ, ಒಬ್ಬರು ಬೈಕನ್ನು ಹಿಡಿದುಕೊಂಡರೆ ಸಾಕು. ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ಬೆರಳಲ್ಲಿ ತಿರುಗಿಸಿ: ನಡುವೆ ಎಲ್ಲಾದರೂ ಸಿಕ್ಕಿಕೊಳ್ಳುತ್ತದೆಯೇ? ಫೋರ್ಕಿನ ಕೆಳತುದಿ ಹಿಡಿದು ಹಿಂದೆಮುಂದೆ ಎಳೆಯಿರಿ: ಕಟಕಟ ಎನ್ನುತ್ತದೆಯೇ? ಚಕ್ರ ನೆಲಕ್ಕಿಳಿಸಿ, ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಜೋರಾಗಿ ಒತ್ತಿ ಬಿಡಿ: ಒಮ್ಮೆ ಮೇಲೆದ್ದು ಸುಮ್ಮನಾಗುತ್ತದೆಯೇ, ಕುಣಿಯುತ್ತಲೇ ಇರುತ್ತದೆಯೇ? ಕೊಳವೆಯ ಮೇಲೆ ಎಣ್ಣೆಯ ಪಸೆ ಇದೆಯೇ ಎಂದೂ ಬೆರಳಾಡಿಸಿ ನೋಡಿ. ಮಕ್ಕಳು ಬಣ್ಣದ ಮಾತೆತ್ತಿದಾಗ ತಾಯಂದಿರು ಈ ಪ್ರಶ್ನೆಗಳನ್ನು ಕೇಳಲಿ. ಬೈಕಿನ ವಿಷಯ ಗಂಡಸರದ್ದು ಎಂದು ಸುಮ್ಮನಾಗುವುದು ಬೇಡ. ಅದರ ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳುವವರು ನಾವೇ ಅಲ್ಲವೇ?

ನಮ್ಮ ಜಾವಾಕ್ಕೆ ಇನ್ನೂ ಹೊಸ ಬಣ್ಣ ಆಗಿಲ್ಲ. ಮುಂದಿನ ಚೀಟಿ ಎತ್ತಿದಾಗ ನೋಡೋಣ ಎಂದಿದ್ದೇನೆ. ಮಗ ಒಪ್ಪಿದ್ದಾನೆ. ಯಾವ ಬಣ್ಣ ಎಂಬುದರ ಬಗ್ಗೆ ಅಜ್ಜನಿಗೂ ಮೊಮ್ಮಗನಿಗೂ ಈಗಾಗಲೇ ವಾದ ಶುರುವಾಗಿದೆ.